ಮುನ್ನೂರು ಮೀಟರಿನ ಗೆರೆ

ಜನವರಿ 6

ಹೊಸ ವರ್ಷ ಬಂತೆಂದರೆ ಶಾಸನಸಭೆಯ ಕಚೇರಿಯವರು ಸದಸ್ಯರಿಗೆಲ್ಲ ಒಂದೊಂದು ದಿನಚರಿ ಹಂಚುತ್ತಾರೆ. ದಪ್ಪ ರಟ್ಟು, ಬಂಗಾರದ ಅಕ್ಷರ, ನಡುವೆ ರೇಷ್ಮೆ ದಾರ. ಹೋದ ವರ್ಷದ್ದು ನನ್ನ ಅಡುಗೆಮನೆಯ ಮೇಜಿನ ಕುಂಟು ಕಾಲಿನ ಕೆಳಗಿದೆ, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಈ ಸಲದ್ದರಲ್ಲಿ ಬರೆಯೋಣ ಎನ್ನಿಸಿತು. ಇವತ್ತು ನನ್ನ ಮಸೂದೆ ಸಭೆಯ ಮುಂದೆ ಹೋಯಿತು.

ಮಸೂದೆ ನಿಂತಿರುವುದು ಒಂದೇ ಒಂದು ಗೆರೆಯ ಮೇಲೆ. ಉಬ್ಬರದ ನೀರು ಈಗ ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಮುನ್ನೂರು ಮೀಟರ್ ಒಳಗೆ, ದೇಶದ ಸುತ್ತ ಒಂದು ಗೆರೆ. ಗೆರೆಯಿಂದ ಸಮುದ್ರದ ಕಡೆಗೆ ಇನ್ನು ಯಾರೂ ಹೊಸದಾಗಿ ಕಟ್ಟುವಂತಿಲ್ಲ. ಈಗಾಗಲೇ ಅಲ್ಲಿ ಮನೆ ಮಾಡಿಕೊಂಡಿರುವವರಿಗೆ ಸರ್ಕಾರವೇ ಐದು ವರ್ಷದೊಳಗೆ ದಿಬ್ಬದ ಮೇಲೆ ಮನೆ ಕಟ್ಟಿಸಿ ಕೊಡಬೇಕು. ಇಷ್ಟೇ. ನಮ್ಮದು ನಕಾಶೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವ ದೇಶ. ಸಮುದ್ರವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಜನರನ್ನು ಸರಿಸುವುದು ಇದೆ.

ಮಂತ್ರಿಗಳು ತಾವೇ ಮಂಡಿಸಬಹುದಿತ್ತು. "ನೀವೇ ಮಂಡಿಸಿ ಸಿಸ್ಟರ್, ನರ್ಸ್ ಹೇಳಿದ್ರೆ ಜನ ನಂಬ್ತಾರೆ" ಎಂದರು. ಮೇ ತಿಂಗಳಲ್ಲಿ ಹವಾಮಾನದ ದೊಡ್ಡ ಸಮ್ಮೇಳನವಿದೆಯಂತೆ, ಅಷ್ಟರೊಳಗೆ ಅವರಿಗೆ ಕಾನೂನು ಕೈಯಲ್ಲಿರಬೇಕು. ಸಭೆಯಲ್ಲಿ ನಾವಿರುವುದು ಇಪ್ಪತ್ತೊಂದು ಜನ. ಎರಡು ವರ್ಷದ ಹಿಂದೆ ಗೆದ್ದು ಬರುವ ಮೊದಲು ನಾನು ಇಡೀ ಆಯುಷ್ಯ ಆಸ್ಪತ್ರೆಯಲ್ಲಿ ಸವೆಸಿದವಳು. ಈ ಮಹನೀಯರಲ್ಲಿ ಅರ್ಧ ಜನರಿಗಾದರೂ ಸೂಜಿ ಚುಚ್ಚಿದ್ದೇನೆ. ಯಾರು ಕಣ್ಣು ಮುಚ್ಚುತ್ತಾರೆ, ಯಾರು ಮುಟ್ಟುವ ಮೊದಲೇ ಕಿರುಚುತ್ತಾರೆ, ಎಲ್ಲ ಗೊತ್ತು. ಹೆದರಿಕೆಯಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳ ಮನೆ ಇರುವುದು ಬಂದರಿನ ಬೀದಿಯಲ್ಲಿ, ನೀರಿನಿಂದ ಎರಡನೇ ಸಾಲು.

"ಅಲ್ವೇ ಚಿಕ್ಕಿ, ದಿಬ್ಬದ ಮೇಲೆ ನಮಗೂ ಒಂದು ಮನೆ ಸಿಗತ್ತಾ?"

"ಮೊದಲನೇ ಮನೆ ನಿಂದೇ. ಬಾಗಿಲಿಗೆ ಯಾವ ಬಣ್ಣ ಬೇಕು ಅಂತ ಈಗ್ಲೇ ಯೋಚನೆ ಮಾಡಿಟ್ಕೋ."

"ಹಸಿರು" ಎಂದಳು. ಮೊದಲೇ ಯೋಚಿಸಿದ್ದಳು ಕಳ್ಳಿ.

ಜನವರಿ 19

ಪರಿಶೀಲನಾ ಸಮಿತಿ ಕೂತಿತ್ತು. ನಮ್ಮ ಸಭಾಭವನ ಹಳೆಯ ಸುಂಕದ ಕಟ್ಟಡ, ಉಬ್ಬರದ ದಿನ ಅಂಗಳದಲ್ಲಿ ಕಣಕಾಲಿನವರೆಗೆ ನೀರು. ಎಲ್ಲರೂ ಬೂಟು, ಚಪ್ಪಲಿ ಕೈಯಲ್ಲಿ ಹಿಡಿದು ಬಂದೆವು. ಎರಡು ಹೋಟೆಲಿನ ಒಡೆಯರಾದ ಒಬ್ಬ ಸದಸ್ಯರು, ನಾವೆಲ್ಲ ಹೋಟೆಲಿನವರು ಎನ್ನುವುದು, ತಮ್ಮ ಕಾಲುಚೀಲ ಹಿಂಡಿ ಕುರ್ಚಿಯ ಬೆನ್ನಿಗೆ ಒಣಹಾಕಿದರು, ಆಮೇಲೆ ಎದ್ದುನಿಂತು, ಸಮುದ್ರ ಏರುತ್ತಿದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಏನಿದೆ ಎಂದು ಕೇಳಿದರು. ಬರಿಗಾಲಲ್ಲಿ! ನಾನು ನಕ್ಕುಬಿಟ್ಟೆ. ಬೇರೆ ಯಾರೂ ನಗಲಿಲ್ಲ.

ವಿಷಯ ಏನೆಂದರೆ ಅವರ ಎರಡೂ ಹೋಟೆಲು ಗೆರೆಯ ಆಚೆ, ಅಂದರೆ ಸಮುದ್ರದ ಕಡೆ ಬೀಳುತ್ತವೆ. ಅಲ್ಲಿ ಬಿದ್ದ ಆಸ್ತಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ತಿರುಗಿಯೂ ನೋಡುವುದಿಲ್ಲ. ಗೆರೆ ಇನ್ನೂರು ಮೀಟರಿಗೆ ಬಂದರೆ ಎರಡೂ ಪಾರು. ಹಾಗಾದರೆ ಅವರ ಮತ, ಅವರ ಮಾವನ ಮತ, ಎರಡೂ ನಮಗಂತೆ.

ನಮ್ಮ ಪಕ್ಷದ ಸಚೇತಕರನ್ನು ಎಲ್ಲರೂ ಎಣಿಕೆ ಮಾಮ ಎನ್ನುತ್ತಾರೆ. ಯಾರ ಮತ ಎಲ್ಲಿದೆ ಎಂದು ಸದಾ ಬೆರಳು ಮಡಚಿ ಎಣಿಸುತ್ತಿರುತ್ತಾರೆ, ಊಟದ ಮಧ್ಯೆಯೂ. ಅವರು ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ, "ನೂರು ಮೀಟರ್ ಬಿಟ್ರೆ ಏನು ಗಂಟು ಹೋಗತ್ತಮ್ಮ? ಒಂದಿಷ್ಟು ಬಿಟ್ಕೊಡು" ಎಂದರು.

ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಇದು: ಔಷಧ ಕೊಟ್ಟರೆ ಪೂರ್ತಿ ಕೊಡಿ. ಅರ್ಧ ಕೊಟ್ಟರೆ ರೋಗಿಗೆ ವಾಸಿಯಾಯಿತೆಂಬ ಭ್ರಮೆ, ರೋಗಕ್ಕೆ ಇನ್ನಷ್ಟು ಕೊಬ್ಬು. ಏನೂ ಕೊಡದಿರುವುದೇ ವಾಸಿ. ಮಾಮನಿಗೆ ಹಾಗೆಯೇ ಹೇಳಿದೆ.

"ಚುಚ್ಚೋದು ನಿನಗೆ ಗೊತ್ತು, ಎಣಿಸೋದು ನನಗೆ ಬಿಡು" ಎಂದರು.

ಜನವರಿ 23

ಇನ್ನೂರು. ಒಪ್ಪಿದೆ. ಅಕ್ಕನ ಬೀದಿ ಇನ್ನೂರರ ಒಳಗೇ ಇದೆ, ನೀರಿನಿಂದ ನಲವತ್ತು ಮೀಟರೂ ದೂರವಿಲ್ಲ ಅದು. ಅದಕ್ಕೆ ಒಪ್ಪಿದೆ.

ಫೆಬ್ರವರಿ 4

ಅಕ್ಕನ ಮನೆಗೆ ಹೋಗಿದ್ದೆ. ನಿನ್ನೆಯ ಉಬ್ಬರ ಅಡುಗೆಮನೆಗೆ ನುಗ್ಗಿ ಹೋಗಿದೆ. ನೆಲವನ್ನೆಲ್ಲ ಮೂರು ಸಲ ಒರೆಸಿದ್ದಳು, ಆದರೂ ಒಣಗಿದ ಮೇಲೆ ಬಿಳಿಯ ಉಪ್ಪು ಮೇಲೇಳುತ್ತದೆ. ಗೋಡೆಗೆ ಬೆರಳು ಒತ್ತಿದರೆ ಗಾರೆ ಪುಡಿಯಾಗಿ ಉದುರಿತು. ಅಲಮಾರಿನ ಕೆಳಗಿನ ಎರಡು ಹಲಗೆ ಖಾಲಿ, ಬಟ್ಟೆಯೆಲ್ಲ ಮೇಲಿನದ್ದರಲ್ಲಿ ತುರುಕಿದ್ದಾಳೆ.

ಭಾವ ದರ್ಜಿ. ಪಾರ್ಶ್ವವಾಯು ಬಡಿದು ಎಡಗಾಲು ಹೋದಮೇಲೆ ಬಲಗಾಲಿನಿಂದಲೇ ಯಂತ್ರ ತುಳಿಯುತ್ತಾರೆ. ಯಂತ್ರದ ನಾಲ್ಕೂ ಕಾಲಿನ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿದ್ದರು. ಕುರ್ಚಿಗೂ ಹಾಗೆಯೇ.

"ಬಡ್ತಿ ಸಿಕ್ಕಿದೆ ನನಗೆ, ಒಂದು ಇಟ್ಟಿಗೆ ಮೇಲೆ ಬಂದೆ" ಎಂದರು ಭಾವ. "ನೀನು ಮಂತ್ರಿ ಆಗೋ ಹೊತ್ತಿಗೆ ನಾನು ಸೂರಿಗೆ ತಲೆ ತಾಗಿಸ್ತೀನಿ ನೋಡು."

ಅಕ್ಕ ನಗಲಿಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಇವರನ್ನ ಎತ್ತಿಕೊಂಡು ಓಡೋಕೆ ನನ್ನ ಕೈಲಾಗಲ್ಲ ಕಣೇ" ಎಂದಳು. ಅಷ್ಟೇ ಹೇಳಿದಳು. ಅಮ್ಮ ಹೋದಾಗಿನಿಂದ ನನ್ನನ್ನು ಬೆಳೆಸಿದವಳು, ತಾನು ಓದು ಬಿಟ್ಟು ನನ್ನನ್ನು ನರ್ಸಿಂಗ್ ಓದಿಸಿದವಳು. ಇಲ್ಲಿಯವರೆಗೆ ನನ್ನಿಂದ ಒಂದು ಸೂಜಿಯನ್ನೂ ಕೇಳಿದವಳಲ್ಲ.

ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಇನ್ನು ಒಂದು ಮೀಟರ್ ಕೂಡ ಬಿಡುವುದಿಲ್ಲ.

ಫೆಬ್ರವರಿ 21

ನೂರಕ್ಕೆ ಇಳಿಯಿತು.

ಇವತ್ತು ಮಾತಾಡಿದವರು ಸಭೆಯ ಹಿರಿಯರು, ನಮಗೆಲ್ಲ ಅಜ್ಜ. ಅವರಿಗೆ ತೀರದಲ್ಲಿ ಒಂದು ಗೇಣು ಜಾಗವೂ ಇಲ್ಲ, ಅದೇ ತೊಂದರೆ. ಬಾಯಿ ಮುಚ್ಚಿಸಲು ಏನೂ ಸಿಗುವುದಿಲ್ಲ. "ಇಡೀ ಜಗತ್ತಿನ ಹೊಗೆಯಲ್ಲಿ ನಮ್ಮದು ಒಂದು ಒಲೆಯ ಹೊಗೆಯಷ್ಟೂ ಇಲ್ಲ. ತಪ್ಪು ಮಾಡಿದವರು ಯಾರೋ, ನಮ್ಮ ಜನ ಮನೆ ಬಿಡಬೇಕು ಅಂತ ನಾವೇ ಕಾನೂನು ಮಾಡ್ಬೇಕಾ? ದೊಡ್ಡವರು ಮೊದಲು ಹೊಗೆ ನಿಲ್ಲಿಸಲಿ. ಈ ಕಾನೂನು ಬಂದ್ರೆ ಅವರಿಗೆ ಖುಷಿ. ನೋಡಿ, ಅವರ ಪಾಡು ಅವರೇ ನೋಡ್ಕೊಂಡ್ರು ಅಂತಾರೆ."

ನಾನು ಎದ್ದು ಉತ್ತರ ಕೊಟ್ಟೆ. ಬೆಂಕಿ ಹಚ್ಚಿದವರು ಯಾರೆಂದು ಜಗಳವಾಡುತ್ತ ಮನೆಯೊಳಗೆ ಕೂರುವುದಕ್ಕಾಗುತ್ತದೆಯೇ ಎಂದೆ. ಚೆನ್ನಾಗಿಯೇ ಹೇಳಿದೆ ಎನ್ನಿಸುತ್ತದೆ. ಆದರೆ ಕೂತ ಮೇಲೆ, ಅಜ್ಜ ಹೇಳಿದ್ದು ನಿಜ ಎಂಬ ಯೋಚನೆ ಹೋಗಲೇ ಇಲ್ಲ. ಅವರದೂ ನಿಜ, ನನ್ನದೂ ನಿಜ, ನೀರಿಗೆ ಎರಡೂ ಬೇಕಾಗಿಲ್ಲ. ಇಡೀ ಸಭೆ ಒಂದಾಗಿ ನಾಳೆಯೇ ಅತ್ಯುತ್ತಮ ಕಾನೂನು ಮಾಡಿದರೂ ಸಮುದ್ರ ಒಂದು ಬೆರಳು ಇಳಿಯುವುದಿಲ್ಲ. ಇದನ್ನು ಯಾರಿಗೆ ಹೇಳಲಿ?

ಅಜ್ಜನ ಮಾತಿಗೆ ಹೌದೆನ್ನುವವರು ಮೂವರು ಹುಟ್ಟಿಕೊಂಡರು. ಅವರನ್ನು ಹಿಂದಕ್ಕೆ ತರಲು ನೂರು. ಮಾರುಕಟ್ಟೆಯ ಹತ್ತಿರ ಗೆರೆ ಒಂದು ಸೊಟ್ಟ ತಿರುವು ತೆಗೆದುಕೊಂಡಿದೆ, ಅಲ್ಲಿ ಉಪಮಂತ್ರಿಗಳ ಷಡ್ಡಕನ ಅಂಗಡಿ ಸಾಲು. ನಕಾಶೆಯಲ್ಲಿ ನೋಡಿದರೆ ಹಾವಿಗೆ ಹೊಟ್ಟೆನೋವು ಬಂದ ಹಾಗೆ ಕಾಣುತ್ತದೆ.

ಅಕ್ಕನ ಬೀದಿ ನೂರರ ಒಳಗೂ ಇದೆ.

ಮಾರ್ಚ್ 3

ಅಕ್ಕನ ಫೋನ್. ಎರಡನೇ ಇಟ್ಟಿಗೆ. ಮಸೂದೆ ಎಲ್ಲಿಗೆ ಬಂತು ಎಂದಳು. ನಡೀತಿದೆ ಎಂದೆ.

ಮಾರ್ಚ್ 9

ಸೋಲುತ್ತೇವೆ.

ಮಾಮ ಬೆರಳು ಮಡಚಿ ತೋರಿಸಿದರು, ಈ ಕಡೆ ಹತ್ತು, ಆ ಕಡೆ ಹತ್ತು. ಉಳಿದದ್ದು ಗೋದಾಮಿನವರು ಒಬ್ಬರೇ. ಬಂದರಿನ ಬೀದಿಯ ತುದಿಯಲ್ಲಿ, ನೀರಿಗೆ ಬೆನ್ನು ಕೊಟ್ಟು ನಿಂತಿರುವ ಮೂರೂ ಗೋದಾಮು ಅವರವು. ಅವರ ಬೇಡಿಕೆ ಸರಳ: ಬಂದರಿನ ಬೀದಿ ಪೂರ್ತಿ ಗೆರೆಯಿಂದ ನೆಲದ ಕಡೆ ಇರಬೇಕು. ಅಂದರೆ ಸುರಕ್ಷಿತ ಜಾಗ ಎಂದು ಬರೆಯಬೇಕು. ಸುರಕ್ಷಿತ ಎಂದು ಬರೆದ ಮೇಲೆ ಅಲ್ಲಿಯವರಿಗೆ ದಿಬ್ಬದ ಮೇಲೆ ಮನೆ ಯಾಕೆ?

"ಅಲ್ಲಿ ನನ್ನ ಅಕ್ಕ ಇದ್ದಾಳೆ" ಎಂದೆ.

ಗೋದಾಮಿನವರು ಕೆಟ್ಟವರಲ್ಲ. ಅವರ ಮಗಳು ಹುಟ್ಟಿದಾಗ ಹೆರಿಗೆ ವಾರ್ಡಿನಲ್ಲಿ ನಾನೇ ಇದ್ದೆ. "ಗೊತ್ತು ಸಿಸ್ಟರ್" ಎಂದರು. "ನನ್ನದೂ ಎಲ್ಲ ಅಲ್ಲೇ ಇದೆ. ಆ ಬೀದಿ ಮುಳುಗತ್ತೆ ಅಂತ ಕಾನೂನಿನಲ್ಲಿ ಬರೆದ ದಿನ ಬ್ಯಾಂಕಿನವರು ನನ್ನ ಬಾಗಿಲಿಗೆ ಬರ್ತಾರೆ. ನೀರಾದ್ರೆ ಇನ್ನೊಂದು ಹತ್ತು ವರ್ಷ ತಗೊಳತ್ತೆ." ನನಗೆ ಬೈಯಲು ಕೂಡ ಯಾರೂ ಸಿಗಲಿಲ್ಲ.

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಸ್ಪತ್ರೆಯಲ್ಲಿ ಎಂಥೆಂಥ ಸಾವು ಕಂಡಿದ್ದೇನೆ, ಹೀಗೆ ಅತ್ತಿರಲಿಲ್ಲ. ಅಲ್ಲಿ ಕೊನೆಯವರೆಗೆ ಮಾಡುವುದಕ್ಕೆ ಏನಾದರೂ ಇರುತ್ತಿತ್ತು, ದಿಂಬು ಸರಿ ಮಾಡಬಹುದಿತ್ತು, ತುಟಿ ಒದ್ದೆ ಮಾಡಬಹುದಿತ್ತು. ಇಲ್ಲಿ ನಾನು ಏನು ಮಾಡಿದರೂ ಅದು ಅಕ್ಕನ ವಿರುದ್ಧವೇ ಹೋಗುತ್ತದೆ. ಮಸೂದೆ ಬಿದ್ದರೂ ಅವಳಿಗೆ ಮನೆಯಿಲ್ಲ, ಗೆದ್ದರೂ ಇಲ್ಲ. ಬದುಕಿದ್ದು ಸಾಕು ಎನ್ನಿಸುವಷ್ಟು ಸುಸ್ತು.

ಮಾರ್ಚ್ 10

ಏನೂ ಬರೆಯುವ ಮನಸ್ಸಿಲ್ಲ.

ಮಾರ್ಚ್ 16

ದಾರಿ ಕಂಡುಹಿಡಿದವರು ಮಾಮ. ಇವತ್ತಿನ ಸಮಿತಿಯಲ್ಲಿ ಎದ್ದು, "ಈ ಮೀಟರ್ ಅನ್ನೋ ಮಾತೇ ಬೇಡ. ಅಳತೆ ಅಂದ್ರೆ ಜಗಳ. ಗೋಡೆ ಮೇಲೆ ನಕಾಶೆ ಇದೆಯಲ್ಲ, ಅದರಲ್ಲಿ ನೆಲ ಎಲ್ಲಿ ಮುಗಿಯುತ್ತೋ ಅದೇ ನಮ್ಮ ಗೆರೆ. ಯಾರಿಗೂ ನೋವಿಲ್ಲ" ಎಂದರು.

ಎಲ್ಲರೂ ತಿರುಗಿ ನಕಾಶೆ ನೋಡಿದರು. ಹಸಿರು ನೆಲ, ನೀಲಿ ಸಮುದ್ರ, ಬಟ್ಟೆಯ ಮೇಲೆ ಅಂಟಿಸಿದ್ದು. ನಾನು ಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲೂ ಇಂಥದ್ದೇ ಇತ್ತು. ಎಷ್ಟೋ ದಿನದ ಮೇಲೆ ಕೋಣೆಯಲ್ಲಿ ಎಲ್ಲರ ಮುಖವೂ ಸಡಿಲವಾಯಿತು. ಹೋಟೆಲಿನವರು ಹಲ್ಲು ಬಿಟ್ಟರು. ಗೋದಾಮಿನವರು ನನ್ನ ಕಡೆ ನೋಡಲಿಲ್ಲ.

ಆ ನಕಾಶೆ ಯಾವ ಕಾಲದ್ದು ಎಂದು ಕೇಳೋಣ ಎಂದುಕೊಂಡೆ. ಅಷ್ಟರಲ್ಲಿ ಕಾಫಿ ಬಂತು.

ಮಂಡಿಸಿದವಳು ನಾನೇ ಆದ್ದರಿಂದ ತಿದ್ದುಪಡಿಯನ್ನೂ ನಾನೇ ಓದಬೇಕಾಯಿತು. ಮೂರು ವರ್ಷದ ನಂತರ ಗೆರೆಯನ್ನು ಮರುಪರಿಶೀಲಿಸಬಹುದು ಎಂಬ ಒಂದು ಸಾಲು ಸೇರಿಸಿಕೊಂಡೆ. "ಪರಿಶೀಲಿಸತಕ್ಕದ್ದು" ಎಂದು ಬರೆದಿದ್ದೆ, ಮಾಮ "ಪರಿಶೀಲಿಸಬಹುದು" ಎಂದು ಬದಲಿಸಿದರು. ಹೋಗಲಿ. ಬಾಗಿಲು ತೆರೆದಿಟ್ಟ ಹಾಗಾಯಿತು. ಅಕ್ಕನಿಗೆ ಎದುರೆದುರೇ ವಿವರಿಸಬೇಕು, ಫೋನಿನಲ್ಲಿ ಹೇಳುವ ವಿಷಯವಲ್ಲ. ಈ ವಾರ ಆಗುವುದಿಲ್ಲ, ಮುಂದಿನ ವಾರ.

ಮಾರ್ಚ್ 29

ಕಾನೂನಾಯಿತು! ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಸಭೆಯ ಇತಿಹಾಸದಲ್ಲಿ ಸರ್ವಾನುಮತ ಬಂದದ್ದು ಇದೇ ಮೊದಲಂತೆ. ಮೇಜು ಕುಟ್ಟಿದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಮಂತ್ರಿಗಳು ಕೈ ಕುಲುಕಿದರು. ಪತ್ರಿಕೆಯವರು ನನ್ನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದರು.

ಅಜ್ಜ ಕೂಡ ಕೈ ಎತ್ತಿದ್ದು ನೋಡಿ ಆಶ್ಚರ್ಯವಾಯಿತು. ಹೊರಗೆ ಬರುವಾಗ ಕೇಳಿದೆ, ಮನಸ್ಸು ಬದಲಾಯಿಸಿದಿರಾ ಎಂದು.

"ನಾನು ವಿರೋಧ ಮಾಡ್ತಿದ್ದದ್ದು ಕಾನೂನನ್ನ ತಾಯಿ" ಎಂದರು. "ಈಗ ವಿರೋಧ ಮಾಡೋಕೆ ಅದರಲ್ಲಿ ಏನೂ ಉಳಿದಿಲ್ವಲ್ಲ."

ಪಾಪ, ವಯಸ್ಸಾಯಿತು ಅವರಿಗೆ. ಸದನದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಇಷ್ಟು ವರ್ಷವಾದರೂ ಹಿಡಿದಿಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬಂತಲ್ಲ ಎಂದುಕೊಳ್ಳಬೇಕು. ಎಲ್ಲವೂ ಒಮ್ಮೆಲೇ ಆಗುವುದಿಲ್ಲ, ಹಂತ ಹಂತವಾಗಿ.

ಅಕ್ಕ ನಾಲ್ಕು ಸಲ ಫೋನ್ ಮಾಡಿದ್ದಳು. ಟಿ.ವಿ.ಯಲ್ಲಿ ನೋಡಿರಬೇಕು, ಖುಷಿಗೆ ಮಾಡಿರುತ್ತಾಳೆ. ಗದ್ದಲದಲ್ಲಿ ತೆಗೆಯಲಾಗಲಿಲ್ಲ.

ಏಪ್ರಿಲ್ 4

ಅಕ್ಕ ಬಂದಿದ್ದಳು, ಕಚೇರಿಗೆ. ಮೊದಲೇ ತಿಳಿಸಿ ಬರಬೇಕಿತ್ತು, ನನಗೆ ಹೊರಡುವ ಅವಸರ. ದಿಬ್ಬದ ಮೇಲಿನ ಮನೆಗೆ ಯಾರನ್ನು ಕಾಣಬೇಕು ಎಂದು ಕೇಳಿದಳು.

ವಿವರಿಸಿದೆ. ಬಂದರಿನ ಬೀದಿ ಸದ್ಯದ ವ್ಯಾಪ್ತಿಗೆ ಬರುವುದಿಲ್ಲ, ಮೂರು ವರ್ಷದ ನಂತರ ಮರುಪರಿಶೀಲನೆಗೆ ಅವಕಾಶವಿದೆ, ಆಗ ಆದ್ಯತೆಯ ಮೇಲೆ ಪರಿಗಣಿಸಲಾಗುತ್ತದೆ.

ಆಮೇಲೆ, "ಇದು ನೀನು ಮಾತಾಡ್ತಿರೋದಾ ಚಿಕ್ಕಿ?" ಎಂದಳು.

ನಾನಲ್ಲದೆ ಇನ್ಯಾರು? ಸಿಟ್ಟು ಬಂತು. ಇಷ್ಟು ತಿಂಗಳು ಯಾರಿಗಾಗಿ ಒದ್ದಾಡಿದೆ ಎಂಬುದನ್ನು ಮನೆಯವರೇ ಅರ್ಥಮಾಡಿಕೊಳ್ಳದಿದ್ದರೆ ಹೊರಗಿನವರಿಗೆ ಏನು ಹೇಳುವುದು? ಹೋಗುವಾಗ ಚಪ್ಪಲಿಯನ್ನು ಬಾಗಿಲ ಹೊರಗಿನಿಂದ ಕೈಯಲ್ಲಿ ಎತ್ತಿಕೊಂಡಳು. ಒದ್ದೆಯಾಗಿತ್ತು.

ಏಪ್ರಿಲ್ 18

ಗೆರೆಯ ಕಲ್ಲು ನೆಡುವ ಕಾರ್ಯಕ್ರಮ. ಕಾನೂನಿನ ಪ್ರಕಾರ ಗೆರೆಯ ಉದ್ದಕ್ಕೂ ಗುರುತಿನ ಕಲ್ಲು ನೆಡಬೇಕು, ಮೊದಲನೆಯದು ಮಂಡಿಸಿದವರ ಕೈಯಿಂದ. ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಸರ್ವೆಯವರು ಬಂದರಿನ ಕಟ್ಟೆಯ ಮೇಲೆ ನನಗಾಗಿ ಕಾಯುತ್ತಿದ್ದರು. "ದೋಣಿ ಹತ್ತಿ ಮೇಡಂ" ಎಂದರು.

ಯಾಕೆಂದು ಕೇಳಿದೆ. ಗೋಡೆಯ ನಕಾಶೆ ನಲವತ್ತು ವರ್ಷದ ಹಿಂದಿನದಂತೆ. ಅದರಲ್ಲಿ ನೆಲ ಮುಗಿಯುವ ಜಾಗ ಈಗ ನೀರೊಳಗಿದೆ. ಕಾನೂನಿನಲ್ಲಿ ನಕಾಶೆ ಎಂದು ಬರೆದ ಮೇಲೆ ಅವರು ಅಲ್ಲಿಯೇ ನೆಡಬೇಕು, ಬೇರೆ ಕಡೆ ನೆಟ್ಟರೆ ಅವರ ಕೆಲಸ ಹೋಗುತ್ತದೆ.

ಕಾರ್ಯಕ್ರಮ ನಿಲ್ಲಿಸೋಣ ಎಂದುಕೊಂಡೆ. ಆದರೆ ಪತ್ರಿಕೆಯವರು ಆಗಲೇ ಎರಡನೇ ದೋಣಿಯಲ್ಲಿ ಕೂತಿದ್ದರು. ಸಣ್ಣಪುಟ್ಟ ತಾಂತ್ರಿಕ ಲೋಪ ಎಲ್ಲ ಕಾನೂನಿನಲ್ಲೂ ಇರುತ್ತದೆ. ದೋಣಿ ಹತ್ತಿದೆ.

ಕಟ್ಟೆಯಿಂದ ಸಾಕಷ್ಟು ದೂರ ಹೋಗಿ ನಿಲ್ಲಿಸಿದರು. ಇಬ್ಬರು ಆಳುಗಳು ಎದೆಮಟ್ಟ ನೀರಿನಲ್ಲಿ ಇಳಿದು ಕಲ್ಲನ್ನು ಹಿಡಿದುಕೊಂಡರು, ನಾನು ಬಾಗಿ ಕೈ ಮುಟ್ಟಿಸಿದೆ. ಬಿಟ್ಟರು. ಗುಳ್ಳೆ ಬಂತು, ಆಮೇಲೆ ಏನೂ ಇಲ್ಲ. ಫೋಟೋದವರು ಮತ್ತೊಮ್ಮೆ ಎಂದರು, ಇನ್ನೊಂದು ಕಲ್ಲು ತಂದಿರಲಿಲ್ಲ.

ಅಲ್ಲಿಂದ ಬಂದರಿನ ಬೀದಿ ಪೂರ್ತಿ ಕಾಣುತ್ತದೆ. ಉಬ್ಬರದ ಹೊತ್ತು, ಮೊದಲನೇ ಸಾಲಿನ ಮನೆಗಳ ಮೆಟ್ಟಿಲು ಇರಲಿಲ್ಲ. ಅಕ್ಕ ತಾರಸಿಯ ಮೇಲಿದ್ದಳು. ಪಕ್ಕದಲ್ಲಿ ಕುರ್ಚಿಯ ಮೇಲೆ ಭಾವ, ಅವರನ್ನು ಯಾರು ಎತ್ತಿ ಮೇಲೆ ತಂದರೋ. ನೀಲಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದ ಏನೋ ಒಂದು ನಾಲ್ಕು ಕಾಲಿನ ಸಾಮಾನು ಕೂಡ ಇತ್ತು. ನಾನು ಕೈ ಬೀಸಿದೆ. ಅಕ್ಕ ನೋಡುತ್ತಲೇ ನಿಂತಿದ್ದಳು, ಬೀಸಲಿಲ್ಲ. ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತೇನೋ, ಗುರುತು ಸಿಕ್ಕಿರಲಿಕ್ಕಿಲ್ಲ.

"ಆ ಮನೆಗಳೆಲ್ಲ ಗೆರೆಯಿಂದ ನೆಲದ ಕಡೆ ಬರ್ತವಲ್ವಾ?" ಎಂದು ಪತ್ರಿಕೆಯ ಹುಡುಗಿ ಕೇಳಿದಳು.

"ನೆಲದ ಕಡೆಯೇ. ಅದೆಲ್ಲ ಸುರಕ್ಷಿತ ಪ್ರದೇಶ" ಎಂದೆ, ಸರ್ವೆಯವರು ಬಾಯಿ ತೆರೆಯುವ ಮೊದಲೇ.

ಹೊಸ ಚಪ್ಪಲಿ ಉಪ್ಪುನೀರಿಗೆ ಹಾಳಾಯಿತು.

ಮೇ 5

ಸಮ್ಮೇಳನಕ್ಕೆ ಮಂತ್ರಿಗಳ ಜೊತೆ ನಾನೂ ಹೋಗುತ್ತಿದ್ದೇನೆ. ಸಣ್ಣ ದೇಶಗಳ ಶಾಸಕರು ಏನು ಮಾಡಬಹುದು ಎಂಬ ಗೋಷ್ಠಿ, ಹತ್ತು ನಿಮಿಷದ ಭಾಷಣ. ನಮ್ಮ ಕಾನೂನನ್ನು ಬೇರೆ ದೇಶದವರು ಮಾದರಿಯಾಗಿ ನೋಡುತ್ತಿದ್ದಾರಂತೆ. ಕಾರ್ಯದರ್ಶಿ ಬರೆದುಕೊಟ್ಟ ಭಾಷಣ ಸಪ್ಪೆಯಾಗಿದೆ, ಎಲ್ಲ ಅಂಕಿಅಂಶ. ಶುರುವಿನಲ್ಲಿ ಮನಸ್ಸಿಗೆ ತಟ್ಟುವಂಥದ್ದು ಬೇಕು ಎಂದು ಮಾಮ ಹೇಳಿದರು. ಅವರು ಹೇಳಿದ್ದು ಸರಿ.

ಭಾವನ ಹೊಲಿಗೆ ಯಂತ್ರದ ವಿಷಯ ಹಾಕಿದೆ. ನೀರು ಬಂದಂತೆಲ್ಲ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತ, ನಗುತ್ತ ಬಟ್ಟೆ ಹೊಲಿಯುವ ಮನುಷ್ಯ. ಗಟ್ಟಿಯಾಗಿ ಎರಡು ಸಲ ಓದಿ ನೋಡಿದೆ, ಚೆನ್ನಾಗಿ ಬಂದಿದೆ. ಈಗ ಎಷ್ಟು ಇಟ್ಟಿಗೆಯಾಗಿದೆ ಎಂದು ಸರಿಯಾಗಿ ಗೊತ್ತಿರಲಿಲ್ಲ. ಕೇಳೋಣವೆಂದು ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಮತ್ತೆ ಮಾಡಿದೆ, ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು.

ನಾಲ್ಕು ಎಂದು ಬರೆದುಕೊಂಡಿದ್ದೇನೆ.